ಕಾದ ಕೊಳವೆಗೆ ಸುತ್ತಿದ ಪಟ್ಟಿ

ನನಗೆ ಹಾವಿನ ಭಯವಿಲ್ಲ. ಶಾಲೆಗೆ ತಪಾಸಣೆಗೆ ಬರುವ ಸಾಹೇಬರ ಭಯವಂತೂ ಎಂದೂ ಇರಲಿಲ್ಲ. ಅವರೇ ನನಗೆ ತುಸು ಹೆದರುತ್ತಾರೆಂದು ನನ್ನ ಗುಮಾನಿ. ಆದರೆ ಒಂದು ಬೇಸಿಗೆ ಪೂರ್ತಿ ನಾನು ಒಂದು ಮುಳ್ಳಿಗೆ ಹೆದರಿ ಬದುಕಿದೆ. ಕಾರಿನ ಸ್ಟೇರಿಂಗ್ ಹಿಂದೆ ಇಂಜಿನ್ನಿನ ಬಿಸಿ ತೋರಿಸುವ ಆ ಸಣ್ಣ ಮುಳ್ಳು ನಡುವಿನ ಗೆರೆ ದಾಟಿತೆಂದರೆ ನಾನು ರಸ್ತೆ ಬಿಟ್ಟು ಅದನ್ನೇ ನೋಡತೊಡಗುತ್ತಿದ್ದೆ.

ಕಾರಣ ಹಿಂದಿನ ಸೀಟಿನಲ್ಲಿ ಕುಳಿತಿರುತ್ತಿತ್ತು. ಅವ್ವನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ಸೋಮವಾರ ಮತ್ತು ಗುರುವಾರ ಆಕೆಯನ್ನು ಇಳಕಲ್ಲಿನಿಂದ ಬಾಗಲಕೋಟೆಗೆ ಡಯಾಲಿಸಿಸ್ಸಿಗೆ ಕರೆದೊಯ್ಯಬೇಕು. ಹತ್ತಿರದಲ್ಲೆಲ್ಲೂ ಯಂತ್ರ ಖಾಲಿ ಸಿಕ್ಕಿರಲಿಲ್ಲ. ಮರಳುವಾಗ ಬಿ.ಪಿ. ಇಳಿದು ಆಕೆಯ ಕುತ್ತಿಗೆಯೇ ನಿಲ್ಲುತ್ತಿರಲಿಲ್ಲ, ಬಸ್ಸಿನ ಮಾತು ದೂರವೇ ಉಳಿಯಿತು. ಹೀಗಾಗಿ ಒಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ತಂದೆ, ಟರ್ಬೊ ಇರುವಂಥದ್ದು. ಮಾರಿದವನು "ಹಾರ್ತೈತ್ರಿ ಗಾಡಿ" ಎಂದಿದ್ದ. ಸುಡುತ್ತದೆ ಎಂದು ಹೇಳಿರಲಿಲ್ಲ.

ಏಪ್ರಿಲ್‌ನ ಒಂದು ಗುರುವಾರ ಹುನಗುಂದ ದಾಟಿ ಅಮೀನಗಡದ ಹತ್ತಿರ ಬರುತ್ತಿದ್ದಂತೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿಗೆ ಜೀವವಿಲ್ಲ. ಮುಳ್ಳು ಕೆಂಪಿನ ಅಂಚಿಗೆ ಹೋಗಿತ್ತು. ಇಳಕಲ್ಲಿನ ನಮ್ಮ ಗ್ಯಾರೇಜಿನ ಮಿಸ್ತ್ರಿಗೆ ಫೋನ್ ಮಾಡಿದೆ.

"ಅಕ್ಕಾರ, ಎ.ಸಿ. ಬಂದ್ ಮಾಡ್ರಿ. ಹೀಟರ್ ಪೂರ್ತಿ ಹಚ್ರಿ. ಇಂಜಿನ್ ಬಿಸಿ ಒಳಗ ಎಳಕೊಂತೈತಿ."

ಹೊರಗೆ ಬೆಂಕಿಯಂಥ ಬಿಸಿಲು. ಒಳಗೆ ಹೀಟರ್. ಅವ್ವ ಕಿಟಕಿಗೆ ಮುಖ ಕೊಟ್ಟು, "ಏ ಯವ್ವಾ, ದವಾಖಾನಿಗೆ ಹೊಂಟೀವೋ ಒಲಿಯಾಗ ಕುಂತೀವೋ?" ಎಂದಳು. ನಾನು ನಕ್ಕೆ, ಆದರೆ ಸ್ಟೇರಿಂಗ್ ಹಿಡಿದ ಕೈಗಳು ಬೆವರಿ ಜಾರುತ್ತಿದ್ದವು. ಸ್ವಲ್ಪ ದೂರ ತೆವಳಿದ ಗಾಡಿ ನಿಂತೇ ಬಿಟ್ಟಿತು. ಬೇರೆ ಗಾಡಿ ಸಿಕ್ಕು ನಾವು ತಲುಪುವಷ್ಟರಲ್ಲಿ ಅವ್ವನ ಪಾಳಿ ಮುಗಿದಿತ್ತು. ಮರುದಿನ ಬೆಳಿಗ್ಗೆ ಬಾ ಎಂದರು.

ಮರುದಿನ ಬೆಳಗಾಗುವಷ್ಟರಲ್ಲಿ ಅವ್ವನಿಗೆ ಮಲಗಿದರೆ ಉಸಿರು ಸಾಲದಂತಾಗಿತ್ತು. ಮುಖ ಊದಿ ಕಣ್ಣು ಸಣ್ಣಗಾಗಿದ್ದವು. ಡಾಕ್ಟರು ಆಕೆಯನ್ನು ನೋಡಿ, ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೊಮ್ಮೆ ತಪ್ಪಿಸಿದ್ರ ಉಳಿಸೋದು ನನ್ನ ಕೈಯಾಗ ಇಲ್ರಿ" ಎಂದರು. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಅಂದಿನಿಂದ ಅವ್ವನ ಜೀವ ಬಾಗಲಕೋಟೆಯ ಯಂತ್ರದಲ್ಲಿಲ್ಲ, ಈ ಬಾನೆಟ್ಟಿನ ಕೆಳಗಿದೆ ಎಂದೇ ನನಗೆ ಅನ್ನಿಸತೊಡಗಿತು.

ಮಿಸ್ತ್ರಿ ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದ. ಇಂಜಿನ್ ಉಗುಳುವ ಬಿಸಿ ಹೊಗೆಯ ರಭಸಕ್ಕೇ ಟರ್ಬೊ ತಿರುಗುತ್ತದೆ. ಹಾಗಾಗಿ ಆ ಭಾಗ ಕಾದು ಕೆಂಪಗಾಗುವುದು ಅದರ ಸ್ವಭಾವ. ಅದರ ಬಿಸಿ ಅಕ್ಕಪಕ್ಕಕ್ಕೆ ತಟ್ಟದಿರಲಿ ಎಂದು ಮೇಲೊಂದು ತಗಡಿನ ಮುಚ್ಚಳ ಇರುತ್ತದೆ. ನಮ್ಮ ಗಾಡಿಯಲ್ಲಿ ಅದೇ ಇರಲಿಲ್ಲ. ಹಳೆಯ ಮಾಲೀಕ ಯಾವಾಗಲೋ ಕಿತ್ತು ಒಗೆದಿದ್ದ. ಪಕ್ಕದ ರಬ್ಬರ್ ಪೈಪು ಬೆಂದು ಸೀಳಿತ್ತು. ರೇಡಿಯೇಟರಿನ ಮುಂದೆ ಹತ್ತಿಯ ಎಳೆ, ಹುಳ, ಹೊಟ್ಟು ಎಲ್ಲ ಸೇರಿ ಗಾಳಿಯೇ ಆಡದಂತೆ ಮೆತ್ತಿಕೊಂಡಿದ್ದವು.

"ಇದನ್ನ ತೊಳದು ಕೊಡ್ತೇನಿ, ಪೈಪ್ ಬದಲಿ ಮಾಡ್ತೇನಿ. ತಗಡು ಕುಳಗೇರಿ ಕ್ರಾಸಿನ ಗುಜರಿಯೊಳಗ ಸಿಕ್ರ ಸಿಗಬಹುದು. ಮತ್ತ ಟರ್ಬೊದಿಂದ ಕೆಳಗ ಇಳಿಯೋ ಕೊಳವಿಗೆ ಬಿಸಿ ತಡಿಯೋ ಪಟ್ಟಿ ಸುತ್ತೋಣು. ಇನ್ನೊಂದು, ಗಾಡಿ ನಿಲ್ಲಿಸಿದ ಕೂಡ್ಲೇ ಕೀಲಿ ತಿರುವಬ್ಯಾಡ್ರಿ. ಎರಡು ನಿಮಿಷ ಸುಮ್ನ ಓಡಲಿ. ಇಲ್ಲಂದ್ರ ಬಿಸಿ ಒಳಗ ಕುಂತು ಎಲ್ಲಾ ಸುಡ್ತೈತಿ."

ಈ ಎರಡು ನಿಮಿಷದ ವಿಷಯಕ್ಕೆ ಅಪ್ಪನಿಗೂ ನನಗೂ ಹೋದಾಗಲೆಲ್ಲ ಜಗಳ. ಅಪ್ಪ ಐವತ್ತು ವರ್ಷ ಕೈಮಗ್ಗದಲ್ಲಿ ಇಳಕಲ್ ಸೀರೆ ನೇಯ್ದವನು. ನಿಂತ ಗಾಡಿಯಲ್ಲಿ ಇಂಜಿನ್ ಓಡುವುದು ಅವನ ಕಣ್ಣಿಗೆ ಶುದ್ಧ ದಂಡ. "ಎಣ್ಣಿ ಸುಮ್ನ ಸುಡ್ತಿಯಲ್ಲಾ" ಎಂದು ಪಕ್ಕದ ಸೀಟಿನಿಂದ ಕೀಲಿಗೆ ಕೈ ಹಾಕುತ್ತಿದ್ದ. ನಾನು ಆ ಕೈ ಹಿಡಿದು ಸರಿಸುತ್ತಿದ್ದೆ. ನನ್ನ ಬಾಯಿ ಒಳ್ಳೆಯದಲ್ಲ. ಒಂದೆರಡು ಸಲ ಅವನಿಗೆ ಬಹಳ ಒರಟಾಗಿ ಮಾತಾಡಿದ್ದೇನೆ.

ಪಟ್ಟಿಯ ಸುರುಳಿ ಒಂದು ರವಿವಾರ ಬಂತು. ಮೂರು ಬೆರಳು ಅಗಲದ ಬಿಳಿ ಪಟ್ಟಿ, ಗಾಜಿನ ಎಳೆಯಿಂದ ನೇಯ್ದದ್ದು. ಮುಟ್ಟಿದರೆ ಚರ್ಮಕ್ಕೆ ಚುಚ್ಚುತ್ತಿತ್ತು. ಮಿಸ್ತ್ರಿ ತಗಡು ತರಲು ಕುಳಗೇರಿ ಕ್ರಾಸಿಗೆ ಹೋದವನು, ಹಾಗೇ ಬನಶಂಕರಿ ಗುಡಿಗೂ ಹೋಗಿ ಕೈಮುಗಿದು ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದ. "ಪಟ್ಟಿ ನೀರಾಗ ನೆನಿ ಹಾಕ್ರಿ. ಹಸಿ ಇದ್ರ ಬಿಗಿಯಾಗಿ ಕುಂದ್ರತೈತಿ. ಸೋಮವಾರ ಮುಂಜಾನೆ ಬಂದು ಸುತ್ತಿ ಕೊಡ್ತೇನಿ, ಆಮ್ಯಾಲೆ ನೀವು ಹೋಗ್ರಿ."

ನಾನು ಅದನ್ನು ಬಕೆಟ್ಟಿನಲ್ಲಿ ನೆನೆ ಹಾಕಿ ಅಂಗಳದ ಮೂಲೆಯಲ್ಲಿಟ್ಟೆ. ಅಪ್ಪ ಬಗ್ಗಿ ನೋಡಿ, ನೇಯ್ಗೆಯನ್ನು ಬೆರಳಿನಿಂದ ತಿಕ್ಕಿ, "ಹಾಸಿನ ಎಳಿ ಸಡಿಲ ಐತಿ" ಎಂದು ತೀರ್ಪು ಕೊಟ್ಟ.

ಸೋಮವಾರ ಮುಂಜಾನೆ ಮಿಸ್ತ್ರಿ ಬಂದು, ಗುಜರಿಯಲ್ಲಿ ಸಿಕ್ಕ ತಗಡನ್ನು ಕೂರಿಸಿ, ಗಾಡಿಯನ್ನು ಜ್ಯಾಕಿಗೆ ಏರಿಸಿ ಕೆಳಗೆ ಮಲಗಿದ. ಪಟ್ಟಿಯ ಇನ್ನೊಂದು ತುದಿ ಅಪ್ಪನ ಕೈಯಲ್ಲಿ. ಎಷ್ಟು ಸಡಿಲ ಬಿಡಬೇಕು, ಎಷ್ಟು ಎಳೆಯಬೇಕು ಎಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ಸುತ್ತಿನ ಮೇಲೆ ಸುತ್ತು ಒಂದೇ ಅಳತೆಯಲ್ಲಿ ಕುಳಿತಿತು. "ಕಾಕಾ, ಇಷ್ಟು ಛಂದ ನನಗ ಎಂದೂ ಬಂದಿಲ್ರಿ. ಎಳಿ ಒಂದೂ ಎದ್ದಿಲ್ಲ" ಎಂದ ಮಿಸ್ತ್ರಿ. ಅಪ್ಪ ಮೀಸೆಯಲ್ಲೇ ನಕ್ಕ. ಬಹಳ ದಿನಗಳ ಮೇಲೆ ಅವನ ಮುಖದಲ್ಲಿ ಆ ನಗು ಕಂಡೆ.

"ಹೊಸಾ ಪಟ್ಟಿ, ಮೊದಲ ಸಲ ಹೊಗಿ ಬರ್ತೈತ್ರಿ. ಅಂಜಬ್ಯಾಡ್ರಿ" ಎಂದು ಹೇಳಿ ಮಿಸ್ತ್ರಿ ಹೋದ.

ಹುನಗುಂದ ದಾಟುವಾಗ ಬಾನೆಟ್ಟಿನ ಅಂಚಿನಿಂದ ತೆಳ್ಳಗೆ ಹೊಗೆ ಎದ್ದಿತು. ಅಂಜಬ್ಯಾಡ್ರಿ ಎಂದಿದ್ದಾನಲ್ಲ ಎಂದು ಅಂಜದೆ ನಡೆಸಿದೆ. ಮುಳ್ಳು ನಡುವಿನ ಗೆರೆಯ ಕೆಳಗೇ ಇತ್ತು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ನಾನು ನಿರಾಳವಾಗಿ ಉಸಿರಾಡಿದ್ದು ಆ ಹತ್ತು ನಿಮಿಷ. ಅಮೀನಗಡ ದಾಟಿದ ಮೇಲೆ ಹೊಗೆ ದಟ್ಟವಾಯಿತು. ವಾಸನೆಯೂ ಬೇರೆ ಬಂತು. ಅವ್ವ ಹಿಂದಿನಿಂದ, "ಯಾರ ಮನ್ಯಾಗೋ ಭಜಿ ಕರಿಯಾಕತ್ತಾರ" ಎಂದಳು. ಸುತ್ತ ಹೊಲ ಬಿಟ್ಟರೆ ಮನೆಯೇ ಇರಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಅಪ್ಪ ಮುಂದೆ ಬಾಗಿ ಬಾನೆಟ್ಟನ್ನೇ ನೋಡುತ್ತಿದ್ದ.

ಗಾಡಿ ಬದಿಗೆ ನಿಲ್ಲಿಸುವಷ್ಟರಲ್ಲಿ ಬಾನೆಟ್ಟಿನ ಸಂದಿಯಲ್ಲಿ ಕೆಂಪು ಕಂಡಿತು. ಅಪ್ಪ ಹಾರಿ ಇಳಿದು, ಅವ್ವನನ್ನು ಕಂಕುಳಲ್ಲಿ ಕೈಹಾಕಿ ಎಳೆದುಕೊಂಡು ಹೊಲದ ಬದುವಿನ ಕಡೆ ಹೋದ. ನಾನು ಓಡಿ ಹೋಗಿ ಬಾನೆಟ್ ಪೂರ್ತಿ ಎತ್ತಿದೆ.

ನಾನು ವಿಜ್ಞಾನ ಕಲಿಸುವವಳು. ಬೆಂಕಿಗೆ ಗಾಳಿ ಬೇಕು, ಗಾಳಿ ತಡೆದರೆ ಬೆಂಕಿ ಆರುತ್ತದೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ, ಉತ್ತರ ತಪ್ಪಿದವರನ್ನು ಬೈಯುತ್ತೇನೆ. ಆ ನಾನೇ ಬಾನೆಟ್ ಪೂರ್ತಿ ತೆರೆದು ಬೆಂಕಿಗೆ ಗಾಳಿ ಕೊಟ್ಟೆ. ಜ್ವಾಲೆ ನನ್ನ ಮುಖದ ಮಟ್ಟಕ್ಕೆ ಎದ್ದಿತು. ಹುಬ್ಬಿನ ಕೂದಲು ಸುಟ್ಟ ವಾಸನೆ ನನಗೇ ಬಂತು. ಕಿರುಚಿದೆನಂತೆ, ನನಗೆ ನೆನಪಿಲ್ಲ. ನೆನಪಿರುವುದು ಅಪ್ಪ ಧೋತರದ ಸೆರಗಿನಲ್ಲಿ ಹೊಲದ ಮಣ್ಣು ತುಂಬಿ ತಂದು ತಂದು ಸುರಿದದ್ದು, ಮತ್ತು ತರಕಾರಿ ಹೇರಿಕೊಂಡು ಬರುತ್ತಿದ್ದ ಮೂರು ಗಾಲಿಯ ಟಂಟಂ ಗಾಡಿಯವನೊಬ್ಬ ನಿಂತು, ಸೊಪ್ಪಿನ ಮೇಲೆ ಹೊದಿಸಿದ್ದ ತೊಯ್ದ ಗೋಣಿಚೀಲಗಳನ್ನು ಎಳೆದು ಬೆಂಕಿಯ ಮೇಲೆ ಒಗೆದದ್ದು. ಬೆಂಕಿ ಆರಿತು. ಅಪ್ಪ ಆಗಲೂ ನಿಲ್ಲಲಿಲ್ಲ. ಚೀಲದ ಕೆಳಗೆ ಕೈ ಹಾಕಿ, ಇನ್ನೂ ಹೊಗೆಯಾಡುತ್ತಿದ್ದ ಪಟ್ಟಿಯ ತುದಿ ಹಿಡಿದು ಎಳೆಯತೊಡಗಿದ. "ಬಿಡಪ್ಪಾ, ಕೈ ಸುಡ್ತೈತಿ!" ಎಂದು ಕೂಗಿದೆ. ಕೇಳಲಿಲ್ಲ.

ಗಾಡಿಯನ್ನು ಅಲ್ಲೇ ಬಿಟ್ಟೆವು. ಟಂಟಂನವನು ತನ್ನ ಪಕ್ಕದಲ್ಲಿ ಅವ್ವನನ್ನು ಕೂರಿಸಿಕೊಂಡ, ನಾವಿಬ್ಬರೂ ಹಿಂದೆ ಬದನೆಕಾಯಿ ಮೂಟೆಗಳ ನಡುವೆ ಕುಳಿತೆವು. ಕಮತಗಿ ಬಂತು, ಹೋಯಿತು. ಗಳಿಗೆಗೊಮ್ಮೆ ಗಡಿಯಾರ ನೋಡಿದೆ. ಮುಂದೆ ಅವ್ವನ ತಲೆ ಒಂದು ಕಡೆ ವಾಲಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಸರಿಯಾಗಿ ಎದ್ದು ಕುಳಿತಾಗ ಮರಳಿ ಹೋಗುತ್ತಿತ್ತು. ಆಸ್ಪತ್ರೆಯ ಬಾಗಿಲು ಮುಟ್ಟಿದಾಗ ಪಾಳಿಯ ಹೊತ್ತು ಮೀರಿತ್ತು. ಆದರೆ ಆ ದಿನ ಬರಬೇಕಿದ್ದ ಇನ್ನೊಬ್ಬರು ಬಂದಿರಲಿಲ್ಲ, ಒಂದು ಯಂತ್ರ ಖಾಲಿ ಇತ್ತು. ಅವರು ಯಾಕೆ ಬರಲಿಲ್ಲ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅವ್ವನಿಗೆ ನಳಿಕೆ ಹಚ್ಚಿ, ಯಂತ್ರ ಗರಗರ ಎಂದು ತಿರುಗಿದ ಮೇಲೆ ನಾನು ಹೊರಗೆ ಬಂದು ಮಿಸ್ತ್ರಿಗೆ ಫೋನ್ ಹಚ್ಚಿದೆ. ಹೆದರಿಕೆಯೆಲ್ಲ ಸಿಟ್ಟಾಗಿ ಹೊರಬಂತು. ಅವನ ಕೆಲಸ, ಅವನ ಪಟ್ಟಿ, ಬನಶಂಕರಿಗೆ ಹೋಗಿ ಅವನು ಮುಗಿದ ಕೈ ಎಲ್ಲವನ್ನೂ ಜರೆದೆ. "ನಮ್ಮವ್ವನ್ನ ಸುಟ್ಟು ಬಿಡ್ತಿದ್ದಿ" ಎಂದೆ. ಅವನು ಒಂದು ಮಾತು ಎದುರು ಆಡಲಿಲ್ಲ. "ನಂದೇ ಏನೋ ತಪ್ಪಾಗೈತ್ರಿ ಅಕ್ಕಾರ. ಎಲ್ಲೋ ಆಯಿಲ್ ಸೋರಿರಬೇಕು, ನಾ ನೋಡಿಲ್ಲ. ಅವ್ವಾರು ಆರಾಮ ಅದಾರಲ್ಲ?" ಎಂದು ಕೇಳಿದ. ನಾನು ಫೋನ್ ಕಟ್ ಮಾಡಿದೆ.

ಬೆಂಚಿನ ಮೇಲೆ ಅಪ್ಪ ಕುಳಿತಿದ್ದ. ನರ್ಸು ಮುಲಾಮು ಹಚ್ಚಿದ್ದ ಎರಡೂ ಅಂಗೈ ಮೇಲೆ ಮಾಡಿ ಮೊಣಕಾಲ ಮೇಲಿಟ್ಟುಕೊಂಡಿದ್ದ. ನನ್ನ ಮುಖ ನೋಡದೆ ಕೇಳಿದ.

"ಯವ್ವಾ, ಆ ಪಟ್ಟಿಗೆ ಎಣ್ಣಿ ಹಚ್ಚಬಾರದಿತ್ತೇನು?"

ನನಗೆ ಮೊದಲು ತಿಳಿಯಲಿಲ್ಲ.

"ಎಳಿ ಚುಚ್ಚತಿತ್ತು. ಹಾಸು ಸಡಿಲ ಇತ್ತು. ನೀ ಏಳೂಕಿಂತ ಮೊದಲ ತೆಳ್ಳಗ ಗಂಜಿ ಮಾಡಿ, ಶೇಂಗಾ ಎಣ್ಣಿ ಹಾಕಿ, ಅದರಾಗ ಹೊಳ್ಳಿಸಿ ಇಟ್ಟೆ. ಮಗ್ಗಕ್ಕ ಹಂಗ ಮಾಡ್ತಿದ್ವಲ್ಲ. ಗಂಜಿ-ಎಣ್ಣಿ ಕಾಣಲಾರದ ಎಳಿ ನಾ ಎಂದೂ ಮುಟ್ಟಿಲ್ಲ."

ಬೈಗುಳ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನು ಗಾಜಿನ ಬಾಗಿಲಾಚೆ ಅವ್ವ ಮಲಗಿದ್ದ ಕಡೆ ನೋಡಿದ. ಬಾಗಲಕೋಟೆ ರಸ್ತೆಯಲ್ಲಿ ಹೆದರಿದ್ದು ನಾನೊಬ್ಬಳೇ ಎಂದುಕೊಂಡಿದ್ದೆ. ಹೊಗೆಯಲ್ಲಿ ಶೇಂಗಾ ಎಣ್ಣೆಯ ವಾಸನೆ ಬಂದ ಕ್ಷಣವೇ ಅವನಿಗೆ ತಿಳಿದಿತ್ತು. ಅಲ್ಲಿಂದ ಇಲ್ಲಿಯವರೆಗೆ, ಹೆಂಡತಿಯನ್ನು ತಾನೇ ಕೊಲ್ಲುತ್ತಿದ್ದೇನೆ ಎಂಬ ಭಯವನ್ನು ಒಬ್ಬನೇ ಬಾಯಿಮುಚ್ಚಿ ಹೊತ್ತು ಬಂದಿದ್ದ.

"ಬಾನೆಟ್ ಪೂರ್ತಿ ಎತ್ತಿ ಉರಿ ಏರಿಸಿದಾಕಿ ನಾನಪ್ಪ" ಎಂದೆ. ಅದು ಸಮಾಧಾನದ ಮಾತಲ್ಲ, ಖರೆಯೇ ಆಗಿತ್ತು. ಅವನ ಪಕ್ಕದಲ್ಲೇ ಕುಳಿತು ಮಿಸ್ತ್ರಿಗೆ ಮತ್ತೆ ಫೋನ್ ಮಾಡಿ, ಎಣ್ಣೆಯ ಸಂಗತಿ ತಿಳಿಸಿ ತಪ್ಪಾಯಿತೆಂದು ಹೇಳಿದೆ. ನನಗೆ ಅಭ್ಯಾಸವಿಲ್ಲದ ಕೆಲಸ, ಮಾತು ತೊದಲಿತು.

ಗಾಡಿ ರಿಪೇರಿಯಾಗಿ ಬರಲು ಮೂರು ವಾರ ಹಿಡಿಯಿತು. ಅಲ್ಲಿಯವರೆಗೆ ಬೇರೆಯವರ ಗಾಡಿಗಳಲ್ಲಿ ಹೋಗಿ ಬಂದೆವು, ನಾನು ಪ್ರತಿ ಗಾಡಿಯಲ್ಲೂ ಮೂಗು ಅರಳಿಸಿ ವಾಸನೆ ಹಿಡಿಯುತ್ತ ಕುಳಿತೆ. ಮತ್ತೊಂದು ಸೋಮವಾರ ಮುಂಜಾನೆ ಮಿಸ್ತ್ರಿ ಹೊಸ ಸುರುಳಿಯನ್ನು ತಾನೇ ನೆನೆಸಿಕೊಂಡು ಬಂದ. ಅಪ್ಪ ಹೊಸ್ತಿಲ ಹೊರಗೆ ಬರಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದ.

"ಕಾಕಾ, ಬರ್ರಿ. ತುದಿ ಹಿಡೀರಿ. ನಿಮ್ಮ ಕೈಯ ಬಿಗಿ ನನಗ ಬರೂದಿಲ್ಲ" ಎಂದು ಮಿಸ್ತ್ರಿ ಗಾಡಿಯ ಕೆಳಗಿನಿಂದಲೇ ಕರೆದ.

ಅಪ್ಪ ಬಚ್ಚಲಿಗೆ ಹೋದ. ಬಹಳ ಹೊತ್ತು ನೀರಿನ ಸದ್ದು, ಸಾಬೂನು ಉಜ್ಜುವ ಸದ್ದು ಕೇಳಿತು. ಹೊರಬಂದು ನೇರ ನನ್ನ ಮುಂದೆ ನಿಂತು ಎರಡೂ ಅಂಗೈ ಚಾಚಿದ. ಸುಟ್ಟಲ್ಲಿ ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಬಂದಿತ್ತು.

"ನೋಡವ್ವಾ. ಎಣ್ಣಿ ಐತೇನು?"

ಅವ್ವ ಆಗಲೇ ಹೊರಡಲು ತಯಾರಾಗಿ ಕಟ್ಟೆಯ ಮೇಲೆ ಕುಳಿತಿದ್ದಳು. ನಾನು ಆಕೆಯನ್ನೊಮ್ಮೆ ನೋಡಿದೆ. ಇಲ್ಲ ಎಂದು ಬರೀ ಬಾಯಿಮಾತಿಗೆ ಹೇಳಲು ನನಗೆ ಆಗಲಿಲ್ಲ. ಅಪ್ಪನ ಕೈಗಳನ್ನು ಹಿಡಿದು ಮುಖಕ್ಕೆ ತಂದುಕೊಂಡು, ಒಂದೊಂದಾಗಿ ಮೂಸಿ ನೋಡಿದೆ.