ಬೇಡದ ಮನೆತನ

ಚನ್ನಬಸವ್ವ ಧಾರವಾಡದಲ್ಲಿ ಎಂ.ಎ. ಮುಗಿಸಿದ್ದು ಸಾವಿರದ ಒಂಬೈನೂರ ಅರವತ್ಮೂರರಲ್ಲಿ. ಮುಂದೆ ಪಿಎಚ್.ಡಿ. ಮಾಡಬೇಕೆಂಬ ಹಟ. ಅಪ್ಪ ಮಡಿವಾಳಪ್ಪನವರು ಹುಬ್ಬಳ್ಳಿಯ ಹತ್ತಿ ವ್ಯಾಪಾರಿ. ಮಠದ ದಾಸೋಹಕ್ಕೆ ಚೀಲಗಟ್ಟಲೆ ಜೋಳ ಕಳಿಸುವ ಧಾರಾಳಿ. ಮಗಳಿಗೆ ಮಾತ್ರ ಮೊದಲೇ ಹೇಳಿಬಿಟ್ಟಿದ್ದರು.

“ಓದೂದಾದ್ರ ಓದವಾ. ನನ್ನ ಕಡಿಂದ ಒಂದು ಪೈಸಾನೂ ಬರಂಗಿಲ್ಲ. ಇರೂದು ನಿನ್ನ ಲಗ್ನಕ್ಕ.”

ಶಿಷ್ಯವೇತನ ಸಿಕ್ಕರೆ ಓದು, ಇಲ್ಲದಿದ್ದರೆ ಲಗ್ನ. ಶಿಷ್ಯವೇತನ ಕೊಡಿಸಬಲ್ಲಿರಾ ಎಂದು ಮಾರ್ಗದರ್ಶಕರಾಗುವವರನ್ನೇ ಕೇಳಬೇಕಿತ್ತು. ಆದರೆ ಲಗ್ನವಾಗದ ಹುಡುಗಿ ಪ್ರೊಫೆಸರರ ಮನೆಗೆ ಒಬ್ಬಳೇ ಹೋಗುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ರುಮಾಲು ಸುತ್ತಿಕೊಂಡು ಅಪ್ಪನೇ ಜೊತೆಗೆ ಹೊರಟರು. ಹೋದ ಮೇಲೆ ಮಾತೂ ಅವರದೇ. ಹಿರಿಯರು ಕೂತಲ್ಲಿ ಹುಡುಗಿ ನಡುವೆ ಬಾಯಿ ಹಾಕಬಾರದಲ್ಲ.

ಮೊದಲನೆಯ ಪ್ರೊಫೆಸರರು ಅವಳು ಆರಿಸಿಕೊಂಡ ವಿಷಯವನ್ನು ಮೆಚ್ಚಿದರು. “ಶಿಷ್ಯವೇತನದ ಗರಜು ಅದ ಏನ್ರಿ?” ಎಂದು ತಾವಾಗಿಯೇ ಕೇಳಿದರು. ಅವಳು ಬಾಯಿ ತೆರೆಯುವುದರೊಳಗೆ ಮಡಿವಾಳಪ್ಪನವರು ಮೀಸೆ ತೀಡಿಕೊಂಡರು.

“ಎಲ್ಲೀ ಮಾತ್ರಿ ಸಾಹೇಬ್ರ. ನಮ್ಮ ಮನಿತನಕ್ಕ ಕೊಟ್ಟು ಗೊತ್ತೈತಿ, ಬೇಡಿ ಗೊತ್ತಿಲ್ಲ.”

ರೈಲಿನಲ್ಲಿ ವಾಪಸು ಬರುವಾಗ ಅವಳು ಕೇಳಿದಳು. “ಯಪ್ಪಾ, ನೀವೂ ಕೊಡಂಗಿಲ್ಲ, ಅವರು ಕೊಟ್ರೂ ತಗೊಳ್ಳಂಗಿಲ್ಲ. ನಾ ಹ್ಯಾಂಗ ಓದ್ಲಿ?”

“ಮಂದಿ ಮುಂದ ನಾ ಕೈ ಒಡ್ಡಬೇಕೇನು?” ಎಂದು ಅವರು ಕಿಟಕಿಯತ್ತ ತಿರುಗಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಪೂಜಾರಿ ಹೆತ್ತಪ್ಪನೇ ಆದರೆ ಯಾರ ಮುಂದೆ ದೂರುವುದು?

ಎರಡನೆಯ ಪ್ರೊಫೆಸರರ ಮನೆ ಧಾರವಾಡದ ಮಾಳಮಡ್ಡಿ ಓಣಿಯಲ್ಲಿ. ಅಲ್ಲಿಯೂ ಅದೇ ಚಹಾ, ಅದೇ ಪ್ರಶ್ನೆ, ಅದೇ ಮೀಸೆ. ಚನ್ನಬಸವ್ವ ತಲೆ ತಗ್ಗಿಸಿ ಚಹಾದ ಕಪ್ಪು-ಬಸಿ ಹಿಡಿದು ಕೂತಿದ್ದಳು. ಅವಳಿಗೆ ಸಾಕಾಗಿಹೋಗಿತ್ತು. ಸಿಟ್ಟು ಬರಲಿಕ್ಕೂ ತ್ರಾಣ ಬೇಕು.

ಮರುವಾರ ಗೆಳತಿಯ ಮನೆಗೆಂದು ಅವ್ವನಿಗೆ ಸುಳ್ಳು ಹೇಳಿ ಒಬ್ಬಳೇ ಮಾಳಮಡ್ಡಿಗೆ ಹೋದಳು. ಪ್ರೊಫೆಸರರು ಅವಳ ಬೆನ್ನ ಹಿಂದೆ ಇಣುಕಿದರು.

“ಅಪ್ಪಾರು ಬರಲಿಲ್ಲೇನವಾ?”

“ಇಲ್ರಿ ಸರ್. ಅವರು ನನಗ ಓದಾಕ ರೊಕ್ಕ ಕೊಡಂಗಿಲ್ರಿ. ಶಿಷ್ಯವೇತನ ನನಗ ಬೇಕ್ರಿ.” ನಿಂತುಕೊಂಡೇ ಹೇಳಿ ಮುಗಿಸಿದಳು.

ಅವರು ಚಸ್ಮಾ ತೆಗೆದು ಒರೆಸಿಕೊಂಡರು. “ನನ್ನ ಕಡೆ ಒಂದೇ ಇತ್ತವಾ. ನಿಮ್ಮ ಅಪ್ಪಾರು ಬ್ಯಾಡ ಅಂದ್ರಲ್ಲ, ಮೊನ್ನೆ ಇನ್ನೊಬ್ಬ ಹುಡುಗನ ಹೆಸರು ಕಳಿಸಿಬಿಟ್ಟೆ.”

“ಭಾಳ ಶಾಣ್ಯಾ ಅದಾನೇನ್ರಿ?”

“ನಿನ್ನಷ್ಟಿಲ್ಲ. ಅವರಪ್ಪ ಎರಡು ಸರ್ತಿ ಬಂದಿದ್ದಾ. ನನ್ನ ಕೈಲೆ ಓದಸಲಿಕ್ಕೆ ಆಗೂದಿಲ್ರಿ, ನೀವ ದಾರಿ ತೋರಸ್ರಿ ಅಂತ ಇದೇ ಕಟ್ಟಿ ಮ್ಯಾಲೆ ಕೂತು ಕಣ್ಣೀರು ಹಾಕಿದಾ.”

ಚನ್ನಬಸವ್ವ ನಮಸ್ಕಾರ ಮಾಡಿ ಹೊರಗೆ ಬಂದಳು. ಓದು ಹೋಯಿತೆಂದು ಅಳು ಬರಲಿಲ್ಲ. ಅಂಥ ಅಪ್ಪ ಯಾರಿಗೋ ಇದ್ದಾನಲ್ಲ ಎಂದು ಬಂತು.