ಮೂರು ಜಿಲ್ಲೆಯ ಹುಡುಗಿ

ನಾನು ಹುಟ್ಟಿದ ಮನೆಯಲ್ಲೇ ಬೆಳೆದವಳು. ಆದರೆ ನನ್ನ ಕಾಗದಪತ್ರ ನೋಡಿದವರಿಗೆ ಊರೂರು ಅಲೆದವಳಂತೆ ಕಾಣುತ್ತೇನೆ. ಶಾಲೆಯ ಟಿಸಿಯಲ್ಲಿ ದಾವಣಗೆರೆ ಜಿಲ್ಲೆ, ಕಾಲೇಜಿನದರಲ್ಲಿ ಬಳ್ಳಾರಿ, ವಾಸಸ್ಥಳದ ಪತ್ರದಲ್ಲಿ ವಿಜಯನಗರ. ನಾವು ಕದಲಲಿಲ್ಲ; ಸರ್ಕಾರ ನಮ್ಮ ಹರಪನಹಳ್ಳಿ ತಾಲೂಕನ್ನು ಆ ಜಿಲ್ಲೆಯಿಂದ ಈ ಜಿಲ್ಲೆಗೆ ಎತ್ತಿಟ್ಟಿತು, ಅಷ್ಟೇ. ಅರ್ಜಿಯಲ್ಲಿ 'ಜಿಲ್ಲೆ' ಅನ್ನುವ ಖಾನೆ ಬಂದರೆ ನಮ್ಮ ಕಡೆಯವರ ಕೈ ಅಲ್ಲೇ ತಡೆಯುತ್ತದೆ.

ನನ್ನ ಕೈ ಮಾತ್ರ ತಡೆಯಲಿಲ್ಲ. ಸರ್ಕಾರಿ ಶಾಲೆಯ ಶಿಕ್ಷಕಿ ಹುದ್ದೆಗೆ ಅರ್ಜಿ ಹಾಕುವಾಗ, ಓದಿದ ಜಿಲ್ಲೆ ಯಾವುದು ಎಂದು ಕೇಳಿದ್ದಕ್ಕೆ ಧಿಮಾಕಿನಿಂದ ವಿಜಯನಗರ ಎಂದು ತುಂಬಿದೆ. ಈಗಿರುವುದು ಅದೇ ತಾನೆ! ಎರಡು ಸಲ ಬಿದ್ದಿದ್ದ ಪರೀಕ್ಷೆ ಮೂರನೆಯ ಸಲ ಕೈಹಿಡಿಯಿತು. ಪಟ್ಟಿಯಲ್ಲಿ ಹೆಸರು ಬಂತು, ದಾಖಲೆ ಪರಿಶೀಲನೆಗೆ ಹೊಸಪೇಟೆಗೆ ಕರೆದರು.

ಮೇಜಿನ ಹಿಂದಿದ್ದ ಅಧಿಕಾರಿ ನನ್ನ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟರು.

"ಅರ್ಜಿಯಾಗ ವಿಜಯನಗರ, ಟಿಸಿಯಾಗ ದಾವಣಗೆರೆ. ಯಾವುದಮ್ಮ ನಿಂದು?"

"ಎರಡೂ ಒಂದೇ ಊರು ಸರ್. ಜಿಲ್ಲಿ ಬದಲಾಗೇತಿ."

"ನೀನು ಅಂದ್ರ ಆತೇನು? ಈ ಭಾಗದವ್ರಿಗೆ ಅಂತ ಇಟ್ಟ ಹುದ್ದಿ ಇದು, ದಾವಣಗೆರೆಯವ್ರಿಗಲ್ಲ. ಅದೇ ಶಾಲಿ ಅನ್ನಾಕ ಪುರಾವೆ ತಗಂಡು ಐದು ಗಂಟಿ ಒಳಗ ಬಾ. ಇಲ್ಲಾಂದ್ರ ಬಾಕಿ ಇಡ್ತೀನಿ."

ಬಾಕಿ ಇಟ್ಟ ಕಡತ ಎದ್ದು ಬಂದದ್ದನ್ನು ನಾನಂತೂ ಕಂಡಿಲ್ಲ. ಹೊರಗೆ ಬಂದು ನೋಡಿದರೆ ಮೆಟ್ಟಿಲ ಮೇಲೆ ನಮ್ಮ ತಾಲೂಕಿನವರೇ ಆರು ಮಂದಿ ಮುಖ ಬಾಡಿಸಿಕೊಂಡು ಕೂತಿದ್ದರು. ನಾಲ್ವರು ನನ್ನ ಹಾಗೆ ಹೊಸ ಜಿಲ್ಲೆ ತುಂಬಿ ಟಿಸಿಯಲ್ಲಿ ಸಿಕ್ಕಿಬಿದ್ದವರು. ಇಬ್ಬರು ಹುಷಾರಾಗಿ ಹಳೆಯ ಜಿಲ್ಲೆ ತುಂಬಿ ವಾಸಸ್ಥಳದ ಪತ್ರದಲ್ಲಿ ಸಿಕ್ಕಿಬಿದ್ದವರು. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅವ್ವನಿಗೆ ಫೋನು ಹಚ್ಚಿದೆ. ನಾನು ಓದಿದ ಶಾಲೆಯಲ್ಲೇ ಅವ್ವ ಬಿಸಿಯೂಟದ ಅಡುಗೆ ಮಾಡುತ್ತಾಳೆ. ನನ್ನ ದನಿ ಕೇಳಿದ್ದೇ ಗಾಬರಿಯಾಗಿ ಫೋನನ್ನು ಮುಖ್ಯೋಪಾಧ್ಯಾಯಿನಿಯ ಕೈಗೆ ಕೊಟ್ಟಳು. ಊರಿಗೆಲ್ಲ ಅವರು ದೊಡ್ಡ ಮೇಡಂ. ನನಗೆ ಮಗ್ಗಿ ಕಲಿಸಿದವರೂ ಅವರೇ. ನಾನು ಬಿಕ್ಕುತ್ತಾ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಬಾಯಿ ಮುಚ್ಚಲೇ ಹುಡುಗಿ, ಅಳಬ್ಯಾಡ. ಅಲ್ಲೇ ಕುಂದ್ರು. ದಾಖಲಾತಿ ಪುಸ್ತಕಾನೇ ತಗಂಡು ಬರ್ತೀನಿ."

ದಾಖಲಾತಿ ಪುಸ್ತಕ ಶಾಲೆಯ ಬೀರು ಬಿಟ್ಟು ಹೊರಗೆ ಬರುವುದಲ್ಲ. ಮೇಲಿನವರಿಗೆ ಫೋನು ಮಾಡಿ ಒಪ್ಪಿಗೆ ಪಡೆದು, ಹೊರಹೋಗುವ ವಹಿಯಲ್ಲಿ ಬರೆದು ಸಹಿ ಹಾಕಿ, ಮೇಡಂ ಬಸ್ಸು ಹತ್ತಿದರು. ಸೀಟು ಸಿಗದೆ ಹಗರಿಬೊಮ್ಮನಹಳ್ಳಿಯವರೆಗೆ ನಿಂತೇ ಬಂದರಂತೆ. ಯಾರೋ ಹಿಡಿದುಕೊಳ್ಳುತ್ತೇನೆಂದರೂ ಪುಸ್ತಕ ಕೊಡಲಿಲ್ಲವಂತೆ. ಮೂರೂವರೆಗೆ ಅವರು ಗೇಟಿನೊಳಗೆ ಬಂದಾಗ ಕೂದಲು ಕೆದರಿತ್ತು, ಕೆಂಪು ಬಟ್ಟೆಯ ರಟ್ಟಿನ ಆ ದಪ್ಪ ಪುಸ್ತಕ ಎದೆಗೆ ಅಂಟಿತ್ತು.

ಮೇಜಿನ ಮೇಲಿಟ್ಟ ಪುಸ್ತಕದ ಮೊದಲ ಪುಟವನ್ನು ನಾನೂ ಅವತ್ತೇ ನೋಡಿದ್ದು. ಶಾಲೆಯ ಹೆಸರಿನ ಕೆಳಗೆ ಬಳ್ಳಾರಿ ಜಿಲ್ಲೆ ಎಂದು ಬರೆದು ಹೊಡೆದುಹಾಕಿತ್ತು. ಅದರ ಕೆಳಗೆ ದಾವಣಗೆರೆ, ಅದಕ್ಕೂ ಗೆರೆ. ಮತ್ತೆ ಬಳ್ಳಾರಿ, ಮತ್ತೆ ಗೆರೆ. ಕೊನೆಗೆ ವಿಜಯನಗರ. ಪ್ರತಿ ಗೆರೆಯ ಪಕ್ಕ ಆಗಿದ್ದ ಮುಖ್ಯೋಪಾಧ್ಯಾಯರ ಸಹಿ, ಮೊಹರು. ಹೊಸ ಪುಸ್ತಕ ಹಾಕದೆ ಇದರಲ್ಲೇ ತಿದ್ದುತ್ತಾ ಬಂದಿದ್ದರು, ಪುಣ್ಯಾತ್ಮರು!

ಅಧಿಕಾರಿ ನನ್ನ ಪುಟವನ್ನು ಹುಡುಕಿ ಟಿಸಿಗೆ ತಾಳೆ ನೋಡಿದರು. ಸಹಿ ಹಾಕಿದರು.

ಕಡತ ಎತ್ತಿಕೊಂಡು ಓಡಬೇಕಿತ್ತು ನಾನು. ಬಾಯಿ ಸುಮ್ಮನಿರಬೇಕಲ್ಲ!

"ಸರ್, ಹೊರಗಿರೋ ಆರು ಮಂದೀದೂ ಇದೇ ಕಥಿ."

"ಅವ್ರವ್ರ ಶಾಲಿ ಪುಸ್ತಕ ತರ್ಲಿ."

"ಇನ್ನೊಂದು ತಾಸಿನಾಗ ಎಲ್ಲಿಂದ ತರ್ತಾರ್ರಿ? ತಾಲೂಕು ಎತ್ತಿಟ್ಟಾಗ ನಮ್ಮ ಶಾಲಿ ಒಂದನ್ನೇ ಎತ್ತಿಟ್ರೇನ್ರಿ ಸರ್?"

ಮೇಡಂ ನನ್ನ ಕಾಲು ತುಳಿದರು. ಅಧಿಕಾರಿಯ ಮುಖ ಕೆಂಪಾಯಿತು. "ನಿನ್ನ ಕೆಲಸ ಆಗೇತಿ, ನಡಿಯಮ್ಮ" ಎಂದರು. ಹಾಕಿದ ಸಹಿಯನ್ನು ಹೊಡೆದುಹಾಕಿದರೆ? ಆದರೂ ಕಾಲು ಕೀಳಲಿಲ್ಲ. ಆಗ ನನ್ನ ಕಾಲು ತುಳಿದ ಮೇಡಮ್ಮೇ ಒಂದು ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

"ಆಕಿ ಹೇಳಾದು ಖರೇ ಐತಿ ಸರ್. ಜಿಲ್ಲಿ ತಿದ್ದಿರೋ ಈ ಮೊದಲ್ನೇ ಪುಟದ ಜೆರಾಕ್ಸ್ ಮಾಡ್ಸಿ ಎಲ್ಲಾರ ಕಡತಕ್ಕೂ ಹಚ್ರಿ. ನಾನು ಸಹಿ ಹಾಕಿ ಕೊಡ್ತೀನಿ. ಬೇಕಾದ್ರ ರಾತ್ರಿ ಬಸ್ಸಿಗೆ ಹೋಗ್ತೀನಿ."

ಅಧಿಕಾರಿ ಮೇಡಮ್ಮನ್ನು ನೋಡಿದರು, ಪುಟವನ್ನು ನೋಡಿದರು, ಎದ್ದು ಒಳಗೆ ಹೋಗಿ ಯಾರೊಂದಿಗೋ ಮಾತಾಡಿ ಬಂದರು. "ಕರೀರಿ ಅವ್ರನ್ನ" ಎಂದರು. ಐದು ಹೊಡೆಯುವುದಕ್ಕೆ ಮುಂಚೆ ಏಳೂ ಕಡತಕ್ಕೆ ಸಹಿ ಬಿತ್ತು. ಮೆಟ್ಟಿಲ ಮೇಲೆ ಆರೂ ಮಂದಿ ಮೇಡಮ್ಮನ ಕಾಲಿಗೆ ಬೀಳಲು ಹೋದರೆ, "ಪುಸ್ತಕ ಬೀಳತೈತಿ, ಸರೀರಲೇ" ಎಂದು ಬೈದರು.

ಅವ್ವನಿಗೆ ಫೋನು ಮಾಡಿದೆ. "ಆತವ್ವಾ. ನಿನ್ನ ಮಗಳು ಟೀಚರಾದ್ಲು" ಎಂದೆ. ಅವ್ವ ಕೇಳಿದಳು:

"ನಿನ್ನ ಶಾಲಿಗೆ ಸೇರ್ಸಿದ ದಿನ ಆ ಪುಸ್ತಕದಾಗ ನನ್ನ ಹೆಬ್ಬಟ್ಟು ಒತ್ತಿಸ್ಕಂಡಿದ್ರು. ಐತೇನವ್ವಾ ಇನ್ನೂ?"

"ಐತವ್ವಾ, ನಿಚ್ಚಳ ಐತಿ. ಸಾಹೇಬ್ರು ಅದನ್ನ ನೋಡೇ ಸಹಿ ಹಾಕಿದ್ರು."

"ಹಂಗನ್ನು ಮತ್ತ!" ಎಂದು ಅವ್ವ ಜೋರಾಗಿ ನಕ್ಕಳು. "ಓದಿದವ್ರ ಸಹಿಗಿಂತ ಮುಂಚೆ ನಂದು ಬಿದ್ದೈತಿ."