ಬೀಗರ ತಮ್ಮನ ಬಿಡುಗಡೆ

ನಮ್ಮ ಕಟ್ಟಡದ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಬೀಗ ರಿಪೇರಿ ಮಾಡುವ ಒಬ್ಬರಿದ್ದಾರೆ. ‘ಬೀಗದ ಕೆಲಸದವರು’ ಎಂದು ಪೂರ್ತಿ ಹೇಳುವಷ್ಟು ಪುರಸೊತ್ತು ಯಾರಿಗೂ ಇಲ್ಲದ್ದರಿಂದ ಅವರು ‘ಬೀಗರು’ ಆದರು. ನಾವು ಅವರ ಮನೆಗೆ ಹೆಣ್ಣು ಕೊಟ್ಟಿಲ್ಲ, ಅವರ ಮನೆಯಿಂದ ಹೆಣ್ಣು ತಂದಿಲ್ಲ, ಒಂದು ಹೊತ್ತು ಊಟಕ್ಕೂ ಕರೆದಿಲ್ಲ. ಆದರೂ ನಾಲ್ಕು ಮಹಡಿಯ ಅಷ್ಟೂ ಜನಕ್ಕೆ ಅವರೊಬ್ಬರೇ ಬೀಗರು. ಅವರ ಹೆಂಡತಿ, ಹೇಳಬೇಕಾಗಿಯೇ ಇಲ್ಲ, ಬೀಗಿತ್ತಿ. ಆಕೆಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಇಬ್ಬರೂ ನಮ್ಮ ಕಟ್ಟಡದ ಹಿಂಬದಿಯಲ್ಲಿ, ಒಂದೂವರೆ ಕೋಣೆಯ ಮನೆಯಲ್ಲಿ ವಾಸ.

ಬೀಗರ ಸಾಮ್ರಾಜ್ಯ ಓರೆಯಾದದ್ದು. ಒಂದು ತುದಿಯಲ್ಲಿ ನೆಟ್ಟಗೆ ನಿಲ್ಲಬಹುದು, ಇನ್ನೊಂದು ತುದಿಗೆ ಹೋಗಬೇಕಾದರೆ ಕುಕ್ಕರಗಾಲಲ್ಲಿ ಹೋಗಬೇಕು. ಕೀಲಿಕೈ ಕತ್ತರಿಸುವ ಯಂತ್ರ, ನಾನಾ ದಪ್ಪದ ಅರಗಳು, ಎಣ್ಣೆ ಡಬ್ಬಿ, ಒಂದು ಸ್ಟೂಲು. ಆದರೆ ಸಿಂಹಾಸನವೆಂದರೆ ಗೋಡೆಯ ಮೇಲಿನ ಮೊಳೆ ಹೊಡೆದ ಹಲಗೆ. ಕಟ್ಟಡದವರೆಲ್ಲ ತಮ್ಮ ಮನೆಯ ಎರಡನೇ ಕೀಲಿಕೈಯನ್ನು ಬಣ್ಣದ ದಾರ ಕಟ್ಟಿ ಅಲ್ಲಿ ನೇತುಹಾಕಿ ಹೋಗುತ್ತಿದ್ದರು. ನಲ್ಲಿಯವನು ಬಂದರೆ ಬೀಗರೇ ಹೋಗಿ ಬಾಗಿಲು ತೆಗೆದು, ಕೆಲಸ ಮುಗಿಯುವವರೆಗೆ ಹೊಸ್ತಿಲಲ್ಲಿ ನಿಂತು, ಮತ್ತೆ ಬೀಗ ಹಾಕಿ ಬರುವರು. ಮನೆಯೊಳಗಿನ ಒಂದು ಚಮಚವೂ ಅಲುಗಿದ್ದಿಲ್ಲ. “ಇಡೀ ಬಿಲ್ಡಿಂಗು ನನ್ನ ಗೋಡೆ ಮೇಲೆ ನೇತಾಡ್ತಿದೆ,” ಎಂದು ಬೀಗರು ಬೀಗುವರು.

ಇದು ಹಗಲಿನ ಅವತಾರ. ಸಂಜೆ ಅಂಗಡಿಯ ಪರದೆ ಎಳೆದ ಮೇಲೆ ಅವರು ಕಾಲ್ಚೆಂಡಿನ ಮಹಾವೀರ. ಎಲ್ಲೋ ಹಳೆಯದು ಸಿಕ್ಕಿದ್ದ ಒಂದು ವಿಡಿಯೊ ಗೇಮ್ ಪೆಟ್ಟಿಗೆ ಅವರ ಟೀವಿಯ ಪಕ್ಕದಲ್ಲಿದೆ. ಗುಂಡಿ ಒತ್ತಿದರೆ ಒಳಗಿನ ಫ್ಯಾನು ಮನೆಯ ಹಿರಿಮಗ ಗಂಟಲು ಸರಿಮಾಡಿಕೊಂಡಂತೆ ಕೆಮ್ಮಿ ಕರಕರ ಅನ್ನುತ್ತದೆ. ಆದ್ದರಿಂದ ಅದರ ಹೆಸರು ‘ಅಣ್ಣ’. ಆಟದೊಳಗಿನ ಮೈದಾನದ ಬಾಗಿಲು ತೆರೆಯಲು ಅವನಿಗೆ ಒಂದು ಯುಗವೇ ಬೇಕು. ಎದುರಾಳಿ ಪ್ರತಿ ಸಂಜೆಯೂ ಬೀಗಿತ್ತಿಯೇ. ಗೆಲ್ಲುವುದೂ ಬೀಗಿತ್ತಿಯೇ. ಆದರೆ ಎದುರುಗಡೆಯ ದರ್ಜಿಗೆ ಮರುದಿನ ತಲುಪುವ ವರದಿಯಲ್ಲಿ ಬೀಗರು ಸೋತದ್ದಿಲ್ಲ. ಒಂದೋ ಗೆದ್ದಿರುತ್ತಾರೆ, ಇಲ್ಲವೇ ಗುಂಡಿ ಕಚ್ಚಿಕೊಂಡಿರುತ್ತದೆ.

ಹೀಗಿರಲು, ಪೆಟ್ಟಿಗೆಯ ಕಂಪನಿಯವರು ಹೊಸದೊಂದು ಬರಲಿದೆ ಎಂದು ಒಂದೇ ವಾಕ್ಯ ಹೇಳಿ ಸುಮ್ಮನಾದರು. ಯಾವಾಗ, ಎಂಥದ್ದು, ಯಾವ ಬಣ್ಣ, ಒಂದಕ್ಕೂ ಉತ್ತರವಿಲ್ಲ. ಉಳಿದ ವಾಕ್ಯಗಳನ್ನು ಲೋಕವೇ ಬರೆದುಕೊಳ್ಳಬೇಕಾಯಿತು. ನಮ್ಮ ಬೀದಿಯ ಪಾಲಿನದನ್ನು ಬೀಗರೂ ದರ್ಜಿಯೂ ವಹಿಸಿಕೊಂಡರು. ಹಳೆಯದು ಅಣ್ಣನಾದ ಮೇಲೆ ಹೊಸದು ತಮ್ಮನಲ್ಲದೆ ಇನ್ನೇನು? ದರ್ಜಿಯ ಫೋನಿಗೆ ಬಂದ ಮಸುಕು ಚಿತ್ರವೊಂದನ್ನು ಇಬ್ಬರೂ ಹಿಂದೆ ಮುಂದೆ ತಿರುಗಿಸಿ ವಾರಗಟ್ಟಲೆ ಅಧ್ಯಯನ ಮಾಡಿದರು.

“ಇಸ್ತ್ರಿ ಪೆಟ್ಟಿಗೆ ಥರ ಇದೆಯಲ್ರೀ,” ಎಂದ ದರ್ಜಿ.

“ನಿಮಗೆ ಎಲ್ಲಾನೂ ಇಸ್ತ್ರಿ ಪೆಟ್ಟಿಗೇನೇ. ಇಲ್ನೋಡಿ, ಹಿಂದುಗಡೆ ಕೀಲಿ ಹಾಕೋ ಕಿಂಡಿ ಇದೆ.”

“ಅದು ನನ್ನ ಫೋನಿನ ಮೇಲಿರೋ ಗೀರು, ಬೀಗ್ರೇ.”

ಈ ಪಾಂಡಿತ್ಯ ಅಷ್ಟಕ್ಕೇ ನಿಂತಿದ್ದರೆ ಈ ಕತೆ ಇರುತ್ತಿರಲಿಲ್ಲ. ಒಂದು ಬೆಳಿಗ್ಗೆ ಮೂರನೇ ಮಹಡಿಯ ಹೆಡ್‌ಮಿಸ್ ಚೀಲ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಶಾಲೆಯಿಂದ ನಿವೃತ್ತರಾದರೂ ಕಿವಿಯಿಂದ ನಿವೃತ್ತರಾಗಿಲ್ಲ. ಕಟ್ಟಡದ ಸಂಘಕ್ಕೂ ಅವರೇ ಅಧ್ಯಕ್ಷೆ. ಕೆಳಗಿನಿಂದ ಬರುತ್ತಿದ್ದ ಮಾತು ಕೇಳಿ ಅವರ ಕಾಲು ಅಲ್ಲೇ ಅಂಟಿಕೊಂಡಿತು.

“ತಮ್ಮನ ಬಿಡುಗಡೆ ಮತ್ತೆ ಮುಂದಕ್ಕೆ ಹೋಯ್ತಂತೆ,” ಬೀಗರ ದನಿಯಲ್ಲಿ ದುಃಖ.

“ಅಯ್ಯೋ, ಯಾಕಂತೆ?” ಇದು ದರ್ಜಿಯದು.

“ಒಳಗಿಂದಾನೇ ಸುದ್ದಿ. ತಲೆ ಬಿಸಿಯಾಗೋದು ಜಾಸ್ತಿಯಂತೆ. ಅದು ಸರಿಹೋಗೋವರೆಗೂ ಹೊರಗೆ ಬಿಡಲ್ಲವಂತೆ.”

“ಅಣ್ಣನಿಗಿಂತ ಜೋರು ಅಂತಾರಲ್ಲ?”

“ಜೋರಾ? ಅಣ್ಣ ಒಂದು ಬಾಗಿಲು ತೆಗೆಯೋದ್ರೊಳಗೆ ನಾವು ಕಾಫಿ ಕುಡಿದು ಬರಬಹುದು. ಇವನು ಕಣ್ಣು ಮಿಟುಕಿಸೋದ್ರೊಳಗೆ ಬಾಗಿಲು ತೆಗೆದು ಒಳಗೇ ಹೋಗಿರ್ತಾನೆ!”

“ಹಳೇ ಆಟಗಳನ್ನ ಬಿಟ್ಟಿಲ್ಲ ತಾನೆ?”

“ಬಿಡೋದುಂಟೇ? ಒಂದೂ ಬಿಟ್ಟಿಲ್ಲ, ಎಲ್ಲಾ ಹಳೇ ಆಟಾನೂ ಆಡ್ತಾನಂತೆ. ಬಂದ ಕೂಡಲೇ ನೇರ ನಮ್ಮನೆಗೇ ಕರ್ಕೊಂಡು ಬಂದುಬಿಡ್ತೀನಿ.”

ಹೆಡ್‌ಮಿಸ್ ಬಂದ ಮೆಟ್ಟಿಲನ್ನೇ ಹತ್ತಿ ಹಿಂದಕ್ಕೆ ಹೋದರು. ಚೀಲ ಆ ದಿನ ಅಂಗಡಿ ಕಾಣಲಿಲ್ಲ.

ಮಧ್ಯಾಹ್ನ ಅವರೇ ಬಂದು, “ಅಕ್ಕನ ಮನೆಯವರು ಬರ್ತಿದ್ದಾರೆ, ಕೀಲಿಕೈ ಬೇಕಿತ್ತು,” ಎಂದು ಹಸಿರು ದಾರದ ಕೀಲಿಕೈ ತೆಗೆದುಕೊಂಡು ಹೋದರು. ಆಮೇಲೆ ಎರಡನೇ ಮಹಡಿಯವರಿಗೂ ನೆಂಟರು ಬಂದರು. ನಾಲ್ಕನೇ ಮಹಡಿಯವರಿಗೆ ಅಳಿಯ ಬಂದ. ಅವರಿಗೆ ಮಗಳೇ ಇಲ್ಲ. ಹಲಗೆಯ ಮೇಲೆ ಮೊಳೆಗಳು ಒಂದೊಂದಾಗಿ ಬೋಳಾದವು. ಜೊತೆಗೆ ಹೊಸ ಬೀಗದ ವ್ಯಾಪಾರವೂ ಶುರುವಾಯಿತು. ಅದೂ ಯಾರ ಹತ್ತಿರ? ಬೀಗರ ಹತ್ತಿರವೇ.

“ಗಟ್ಟಿ ಬೀಗ ಕೊಡಿ ಬೀಗ್ರೇ. ಯಾರಿಂದಲೂ ತೆಗೆಯೋಕಾಗಬಾರದು.”

“ಇದು ತಗೊಳ್ಳಿ. ನಾನೇ ತೆಗೆಯಬೇಕು ಅಂದ್ರೂ ಬೆವರು ಕಿತ್ತು ಬರುತ್ತೆ.”

“ನಿಮ್ಮ ವಿಷಯ ಬಿಡಿ. ನಿಮ್ಮ ಮನೇಲಿ ಬೇರೆ ಯಾರಾದರೂ...?”

“ಮನೆಯವಳಾ? ಅವಳ ಕೈಚಳಕಾನೇ ಬೇರೆ!” ಎಂದು ಬೀಗರು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಕೊಂಡುಕೊಂಡವರ ಮುಖ ಬಿಳಿಚಿತು.

ವ್ಯಾಪಾರ ಏರಿದರೂ ಬೀಗರ ಊಟ ಇಳಿಯಿತು. ಬೋಳು ಹಲಗೆಯನ್ನು ನೋಡಿಕೊಂಡು ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದರು. “ನಂದೇನು ತಪ್ಪಾಯ್ತೇ?” ಎಂದು ಹೆಂಡತಿಯನ್ನು ಕೇಳಿದರೆ, “ಎಣ್ಣೆ ಕೈಯಲ್ಲಿ ಕೀಲಿ ಮುಟ್ಟಿರ್ತೀರ,” ಎಂದಳು ಆಕೆ. ಆಕೆಗೂ ಏನೂ ಗೊತ್ತಿರಲಿಲ್ಲ.

ಆ ಭಾನುವಾರ ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸೇರಿ ಸಂಘದ ಸಭೆಯಾಯಿತು. ವಿಷಯ ಒಂದೇ: ಮೆಟ್ಟಿಲ ಕೆಳಗಿನ ಅಂಗಡಿ ಇರಬೇಕೋ, ಹೋಗಬೇಕೋ. ಬೀಗರನ್ನೂ ಬೀಗಿತ್ತಿಯನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ್ದರು.

“ನೋಡಪ್ಪಾ,” ಎಂದರು ಹೆಡ್‌ಮಿಸ್, ಹಳೆಯ ಶಾಲಾ ದನಿಯಲ್ಲಿ, “ನಿನ್ನ ತಮ್ಮನ ವಿಷಯ ನಮಗೆಲ್ಲ ಗೊತ್ತು. ಮುಚ್ಚಿಡೋಕೆ ಹೋಗಬೇಡ.”

ಬೀಗರ ಮುಖ ಅರಳಿತು. “ನಿಮಗೂ ಗೊತ್ತಾ ಮೇಡಂ? ಯಾವಾಗ ಬಿಡುಗಡೆಯಂತೆ?”

“ನಮ್ಮನ್ನೇ ಕೇಳ್ತೀಯಲ್ಲಪ್ಪಾ! ಬಂದ ಮೇಲೆ ಎಲ್ಲಿ ಇಟ್ಕೊಳ್ತೀಯ?”

“ಟೀವಿ ಪಕ್ಕದಲ್ಲೇ ಮೇಡಂ. ಅಣ್ಣನ್ನ ಮಂಚದ ಕೆಳಗೆ ತಳ್ಳಿಬಿಡೋದು.”

ಸಭೆ ಗುಜುಗುಜು ಅಂದಿತು. ಮಂಚದ ಕೆಳಗೆ ಒಬ್ಬ ಅಣ್ಣನೂ ಇರುತ್ತಾನೆಂದು ಯಾರಿಗೂ ಗೊತ್ತಿರಲಿಲ್ಲ.

“ಏನು ಮಾಡಿದ್ದಕ್ಕೆ ಒಳಗಿದ್ದಾನೆ ಅವನು? ಕಳ್ಳತನವೋ, ಹೊಡೆದಾಟವೋ?”

ಬೀಗಿತ್ತಿ ಎದ್ದು ನಿಂತಳು. ನಗು ತಡೆಯಲು ಸೆರಗೆಲ್ಲ ಬಾಯಿಗೆ ತುರುಕಿದ್ದಳು.

“ಅಯ್ಯೋ ಮೇಡಂ, ಇವರಿಗೆ ತಮ್ಮನೇ ಇಲ್ಲ! ಇವರೊಬ್ಬರನ್ನ ಸಾಕೋದ್ರೊಳಗೆ ನಮ್ಮತ್ತೆಗೆ ಸಾಕುಸಾಕಾಗಿತ್ತು. ಅದು ಆಟದ ಪೆಟ್ಟಿಗೆ. ಹೊಸದು ಬರುತ್ತಂತೆ, ಅದಕ್ಕೆ ತಮ್ಮ ಅಂತ ಹೆಸರಿಟ್ಟುಕೊಂಡು ಓಡಾಡ್ತಿದ್ದಾರೆ.”

ದರ್ಜಿ ಸಾಕ್ಷಿಯಾಗಿ ಮಸುಕು ಚಿತ್ರ ತೋರಿಸಿದ. ಹೆಡ್‌ಮಿಸ್ ಕನ್ನಡಕ ಏರಿಸಿ ನೋಡಿ, “ಇದು ಇಸ್ತ್ರಿ ಪೆಟ್ಟಿಗೆ,” ಎಂದರು. ಹೋಂವರ್ಕ್ ಬರೆಯದ ಮಕ್ಕಳ ಕತೆಗಳನ್ನು ಕೇಳಿ ಪಳಗಿದ ಕಿವಿ ಅದು. “ನಿನ್ನ ಅಣ್ಣನನ್ನಾದರೂ ಕರ್ಕೊಂಡು ಬಾ ನೋಡೋಣ.”

ಬೀಗರು ಓಡಿದರು. ಅಣ್ಣನನ್ನು ಟವೆಲಿನಲ್ಲಿ ಸುತ್ತಿ, ಬಾಲದಂತೆ ವೈರುಗಳನ್ನು ಎಳೆದುಕೊಂಡು, ಎದೆಗವಚಿ ತಂದರು. ಕಾವಲುಗಾರನ ಕೋಣೆಯ ಟೀವಿಗೆ ಸಿಕ್ಕಿಸಿದರು. ಅಣ್ಣ ಸಭೆಯನ್ನು ನೋಡಿ ಒಮ್ಮೆ ಕೆಮ್ಮಿದ.

“ಸುಮ್ಮನೆ ತಂದಿಟ್ಟರೆ ಆಗಲ್ಲ,” ಎಂದರು ಹೆಡ್‌ಮಿಸ್. “ಗಂಡ ಹೆಂಡತಿ ಆಡಿ ತೋರಿಸಿ.”

ಬೀಗರ ಕೈ ಅಲ್ಲೇ ನಿಂತಿತು. ಅಂಗಡಿ ಉಳಿಯಬೇಕಾದರೆ ಆಡಬೇಕು. ಆಡಿದರೆ ದರ್ಜಿಯ ಎದುರು, ಇಡೀ ಕಟ್ಟಡದ ಎದುರು, ಇಷ್ಟು ವರ್ಷ ಕಟ್ಟಿದ್ದ ಕೋಟೆ ಬೀಳಬೇಕು. ಹೆಂಡತಿಯ ಕಡೆ ಬಾಗಿ, “ಸ್ವಲ್ಪ ನೋಡ್ಕೊಂಡು ಆಡೇ,” ಎಂದು ಪಿಸುಗುಟ್ಟಿದರು.

“ಸುಳ್ಳು ಹೇಳ್ತಿದೀವಿ ಅನ್ಕೊಂಡಾರು ಕಣ್ರೀ,” ಎಂದ ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆಮೇಲೆ ನಡೆದದ್ದನ್ನು ಯುದ್ಧವೆನ್ನಲು ಎರಡು ಪಕ್ಷಗಳು ಬೇಕು. ಇಲ್ಲಿ ಇದ್ದದ್ದು ಒಂದೇ. ಬೀಗರ ಗೋಲಿನ ಬಲೆ ಬಟ್ಟೆ ಒಣಹಾಕುವ ಹಗ್ಗದಂತೆ ಒಂದೇ ಸಮನೆ ಅಲುಗುತ್ತಿತ್ತು. ಸಭೆ ಮೊದಲು ಗಂಭೀರವಾಗಿತ್ತು, ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡಿತು, ಕೊನೆಗೆ ಬೀಗಿತ್ತಿಯ ಪಕ್ಷ ಸೇರಿಬಿಟ್ಟಿತು.

“ಗುಂಡಿ ಕಚ್ಕೊಂಡಿದೆ,” ಎಂದರು ಬೀಗರು ಕ್ಷೀಣವಾಗಿ.

“ಕಚ್ಕೊಂಡಿರೋದು ಗುಂಡಿ ಅಲ್ಲ ಬೀಗ್ರೇ, ಬೀಗಿತ್ತಿ!” ಎಂದ ದರ್ಜಿ. ಆ ಮಾತನ್ನು ಅವನು ಇಂದಿಗೂ ದಿನಕ್ಕೊಮ್ಮೆ ಹೇಳುತ್ತಾನೆ.

ಅಂಗಡಿಯ ಪ್ರಶ್ನೆಯನ್ನು ಮತಕ್ಕೆ ಹಾಕಲು ಯಾರಿಗೂ ನೆನಪಾಗಲಿಲ್ಲ. ಮರುದಿನ ಬೆಳಿಗ್ಗೆ ಹೆಡ್‌ಮಿಸ್ ಕೆಳಗಿಳಿದು ಬಂದು ಹಸಿರು ದಾರದ ಕೀಲಿಕೈಯನ್ನು ಅದರ ಮೊಳೆಗೆ ತಗುಲಿಸಿದರು. ಸಂಜೆಯೊಳಗೆ ಉಳಿದ ಮೊಳೆಗಳಿಗೂ ಭಾರ ಬಂತು. ಆದರೆ ಎಲ್ಲರೂ ಹೊಸ ಬೀಗ ಹಾಕಿಸಿಕೊಂಡಿದ್ದರಲ್ಲ, ತಂದು ನೇತುಹಾಕಿದವು ಹಳೆಯ ಬೀಗದ ಕೀಲಿಕೈಗಳು. ಬೀಗರು ನೋಡಿದ ಕೂಡಲೇ ಗುರುತು ಹಿಡಿದರು. ಒಬ್ಬೊಬ್ಬರನ್ನೇ ಮೆಲ್ಲಗೆ ಕರೆದು ಹೊಸ ಬೀಗಕ್ಕೂ ಒಂದು ನಕಲು ಕತ್ತರಿಸಿ ಅದೇ ದಾರಕ್ಕೆ ಕಟ್ಟಿಕೊಂಡರು.

ಈಗ ತಮ್ಮನನ್ನು ಕಾಯುವವರು ಇಬ್ಬರಲ್ಲ, ಇಡೀ ಕಟ್ಟಡ. ಹಾಲು ತರಲು ಇಳಿದವರೂ “ಏನಂತೆ ತಮ್ಮನ ಸಮಾಚಾರ?” ಎಂದು ಕೇಳಿಯೇ ಮುಂದೆ ಹೋಗುತ್ತಾರೆ. ಮೊನ್ನೆ ಬಿಡುಗಡೆ ಮತ್ತೊಮ್ಮೆ ಮುಂದಕ್ಕೆ ಹೋಯಿತೆಂಬ ಸುದ್ದಿ ಬಂದಾಗ ಬೀಗರು ಅರ ಕೆಳಗಿಟ್ಟು ನಿಟ್ಟುಸಿರು ಬಿಟ್ಟರು. ಚೀಲ ಹಿಡಿದು ಇಳಿಯುತ್ತಿದ್ದ ಹೆಡ್‌ಮಿಸ್ ಒಂದು ಗಳಿಗೆ ನಿಂತರು.

“ಚಿಂತೆ ಮಾಡಬೇಡಿ ಬೀಗ್ರೇ,” ಎಂದರು. “ನಡತೆ ಚೆನ್ನಾಗಿದ್ರೆ ಬೇಗಾನೇ ಬಿಡ್ತಾರೆ.”